ಎಂಎಸ್ ಮೆಕ್ಯಾನಿಕಲ್: 30 ಕ್ರೆಡಿಟ್ ಆಯಿತು ಅಂದುಕೊಂಡಿದ್ದೆ, 27 ಅಂತಿದೆ!

ಅರ್ಧ_ಮಾಸ್ಟರ್
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟುಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಬೈಕೋಬೇಡಿ.

ಮೆಕ್ಯಾನಿಕಲ್‌ನಲ್ಲಿ ಎಂಎಸ್ ಮಾಡುತ್ತಿದ್ದೇನೆ, ಥೀಸಿಸ್ ಇರುವ ದಾರಿ. ನಮ್ಮಲ್ಲಿ ಒಟ್ಟು 30 ಕ್ರೆಡಿಟ್ ಬೇಕು. 24 ಕೋರ್ಸುಗಳಿಂದ, 6 ಥೀಸಿಸ್‌ನಿಂದ. ಒಂದೊಂದು ಕೋರ್ಸಿಗೆ 3ರಂತೆ ಎಂಟು ಕೋರ್ಸ್ ಮುಗಿಸಿದ್ದೇನೆ. ಥೀಸಿಸ್ ಮುಕ್ಕಾಲು ಬರೆದಾಗಿದೆ. ಮೊನ್ನೆ ಪದವಿಗೆ ಅರ್ಜಿ ಹಾಕಲು ಕೂತರೆ ಡಿಗ್ರಿ ಆಡಿಟ್ ಪುಟದಲ್ಲಿ ಕೆಂಪು ಗೆರೆ. ಲೆಕ್ಕಕ್ಕೆ ಬಂದ ಕ್ರೆಡಿಟ್ 27 ಅಂತೆ.

ಹುಡುಕಿ ನೋಡಿದರೆ, ಮೊದಲ ಸೆಮಿಸ್ಟರಿನಲ್ಲಿ ತೆಗೆದುಕೊಂಡ ವೈಬ್ರೇಷನ್ಸ್ ಕೋರ್ಸನ್ನೇ ಅದು ಬಿಟ್ಟುಬಿಟ್ಟಿದೆ. ಆ ನಂಬರು ಪದವಿ ಓದುವವರ ಕೊನೇ ವರ್ಷದ್ದು, ಮಾಸ್ಟರ್ಸ್ ಮಟ್ಟದ್ದಲ್ಲ ಅಂತ. ನನಗೆ ಒಳ್ಳೇ ಗ್ರೇಡ್ ಬಂದಿದ್ದು ಅದೊಂದರಲ್ಲೇ! ಎ ಮೈನಸ್. ಉಳಿದದ್ದು ಬಿ ಐದು, ಬಿ ಪ್ಲಸ್ ಒಂದು, ಕಂಟಿನ್ಯೂಮ್ ಮೆಕ್ಯಾನಿಕ್ಸ್‌ನಲ್ಲಿ ಒಂದು ಸಿ ಪ್ಲಸ್.

ಯಾರಿಗಾದರೂ ಹೀಗೆ ಆಗಿತ್ತಾ? ಏನು ಮಾಡಿದಿರಿ?

ಥರ್ಮೋಕಪಲ್
ಪ್ಲಾನ್ ಆಫ್ ಸ್ಟಡಿ ತುಂಬಿ ಗೈಡ್ ಹತ್ತಿರ ಸಹಿ ಹಾಕಿಸಿದ್ದಿರಾ?

ಅರ್ಧ_ಮಾಸ್ಟರ್
ಇಲ್ಲ. ಲ್ಯಾಬಿನ ಸೀನಿಯರ್ ಒಬ್ಬರು "ಅದನ್ನೆಲ್ಲ ಕೊನೆಗೆ ತುಂಬಿದರಾಯಿತು" ಅಂದಿದ್ದರು.

ಥರ್ಮೋಕಪಲ್
ಆ ಸೀನಿಯರ್ ಈಗ ಎಲ್ಲಿದ್ದಾರೆ?

ಅರ್ಧ_ಮಾಸ್ಟರ್
ಅವರೂ ಇನ್ನೂ ಲ್ಯಾಬಿನಲ್ಲೇ ಇದ್ದಾರೆ.

ಬೇರಿಂಗ್_ಸದ್ದು
😂😂 ಇದೇ ಉತ್ತರ ಸಾಕು

ಗೇರ್_ಮೇಲೆ_ಗೇರ್
ನಗಬೇಡಿ ಮಾರಾಯ್ರೆ, ಅವರ ಗೋಳು ಅವರಿಗೆ. ಹೊಸಬರೂ ಓದುತ್ತಿರುತ್ತಾರೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

30 ಅನ್ನೋದು ಒಂದೇ ಅಂಕಿ ಅಲ್ಲ, ಅದರೊಳಗೆ ನಾಲ್ಕೈದು ಜರಡಿ ಇರುತ್ತವೆ. ಇಷ್ಟು ಕ್ರೆಡಿಟ್ ಮಾಸ್ಟರ್ಸ್ ಮಟ್ಟದ್ದೇ ಆಗಿರಬೇಕು ಅನ್ನೋದು ಮೊದಲನೇ ಜರಡಿ. ಕೆಳಗಿನ ಮಟ್ಟದ್ದು ಒಂದೋ ಎರಡೋ ಒಪ್ಪುತ್ತಾರೆ, ಕೆಲವು ಕಡೆ ಒಂದೂ ಇಲ್ಲ. ಒಪ್ಪುವ ಕಡೆಯೂ ಮೊದಲೇ ಕೇಳಿರಬೇಕು. ಆಮೇಲೆ ಇಷ್ಟು ನಮ್ಮ ವಿಭಾಗದ್ದೇ ಇರಬೇಕು. ಒಂದು ಗಣಿತದ ಕೋರ್ಸ್ ಬೇಕೇ ಬೇಕು, ಪಾರ್ಷಿಯಲ್ ಡಿಫರೆನ್ಷಿಯಲ್ ಈಕ್ವೇಷನ್ಸೋ ನ್ಯೂಮರಿಕಲ್ ಮೆಥಡ್ಸೋ ಯಾವುದೋ ಒಂದು. ಕೋರ್ ಅಂತ ಮೂರ್ನಾಲ್ಕು ಗುಂಪು ಮಾಡಿರುತ್ತಾರೆ: ಘನ ವಸ್ತುಗಳ ಮೆಕ್ಯಾನಿಕ್ಸ್, ಫ್ಲೂಯಿಡ್ಸ್ ಮತ್ತು ಶಾಖ, ಡೈನಾಮಿಕ್ಸ್ ಮತ್ತು ಕಂಟ್ರೋಲ್ಸ್, ಕೆಲವು ಕಡೆ ಡಿಸೈನ್ ಮತ್ತು ಮ್ಯಾನುಫ್ಯಾಕ್ಚರಿಂಗ್ ಕೂಡ. ಇವುಗಳಲ್ಲಿ ಎರಡು ಗುಂಪಿನಿಂದಾದರೂ ಒಂದೊಂದು ಆರಿಸಬೇಕು. ಸಿಕ್ಕಸಿಕ್ಕ ಎಂಟು ಕೋರ್ಸ್ ಸೇರಿಸಿ ಡಿಗ್ರಿ ಕೊಡಿ ಅಂದರೆ ಕೊಡೋದಿಲ್ಲ.

ಇವನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು ಗೈಡ್ ಸಹಿ ಹಾಕೋದೇ ಆ ಪ್ಲಾನ್. ಸುಮ್ನೆ ಕಾಗದ ಅಂತ ಎಲ್ಲರೂ ತಳ್ಳುತ್ತಾರೆ. ಮೊದಲ ವರ್ಷವೇ ತುಂಬಿದ್ದರೆ ಈ ವೈಬ್ರೇಷನ್ಸ್ ಆವತ್ತೇ ಸಿಕ್ಕಿಬೀಳುತ್ತಿತ್ತು.

ಲೆಕ್ಕದ_ಮೇಷ್ಟ್ರು
ನೀವೆಲ್ಲ ಕ್ರೆಡಿಟ್ ಹಿಂದೆ ಬಿದ್ದಿದ್ದೀರಿ. ನನಗೆ ಬೇರೆಯದೇ ಭಯ ಇದೆ. ಗ್ರೇಡ್ ಕೂಡಿಸಿ ನೋಡಿ.

ಬಿ ಐದು, ಅಂದರೆ 15. ಬಿ ಪ್ಲಸ್ 3.3, ಸಿ ಪ್ಲಸ್ 2.3, ಎ ಮೈನಸ್ 3.7. ಒಟ್ಟು 24.3. ಎಂಟರಿಂದ ಭಾಗಿಸಿದರೆ 3.04. ಗಡಿ 3.0 ಇದ್ದರೆ ದಾಟಿದಿರಿ. ಈಗ ವೈಬ್ರೇಷನ್ಸ್ ತೆಗೆಯಿರಿ. 20.6 ಅನ್ನು ಏಳರಿಂದ ಭಾಗಿಸಿದರೆ 2.94. ಗಡಿಯಿಂದ ಕೆಳಗೆ.

ಇನ್ನೊಂದು ಕೋರ್ಸ್ ಮಾಡಿದರಾಯಿತು ಅಂತೀರಾ? ಅದರಲ್ಲಿ ಬಿ ಪ್ಲಸ್ ಬಂದರೂ 23.9, ಅಂದರೆ 2.99. ಎ ಮೈನಸ್ಸೇ ಬೇಕು. ಥೀಸಿಸ್ ಕ್ರೆಡಿಟ್ ಸಾಮಾನ್ಯವಾಗಿ ಪಾಸು ಫೇಲು ಅಷ್ಟೇ, ಅದು ಸರಾಸರಿಯನ್ನು ಎತ್ತೋದಿಲ್ಲ.

ಅರ್ಧ_ಮಾಸ್ಟರ್
ಅಯ್ಯೋ. ಇದು ನನ್ನ ತಲೆಗೇ ಹೊಳೆದಿರಲಿಲ್ಲ. ಇವತ್ತು ನಿದ್ದೆ ಬಂದ ಹಾಗೇ.

ರಿವೆಟ್_ರಾಣಿ
ಮೇಷ್ಟ್ರೇ, ಹೆದರಿಸಬೇಡಿ. ಲೆಕ್ಕ ಸರಿ, ಆದರೆ ಎಷ್ಟೋ ಕಡೆ ಎರಡು ಸರಾಸರಿ ಇರುತ್ತವೆ. ಮಾಸ್ಟರ್ಸ್ ವಿದ್ಯಾರ್ಥಿಯಾಗಿ ಓದಿದ ಎಲ್ಲ ಕೋರ್ಸುಗಳದ್ದು ಒಂದು, ಪ್ಲಾನಿನಲ್ಲಿ ಬರೆದ ಕೋರ್ಸುಗಳದ್ದು ಇನ್ನೊಂದು. ಕೆಲವು ಕಡೆ ಮೊದಲನೆಯದನ್ನು ಮಾತ್ರ ನೋಡುತ್ತಾರೆ, ಕೆಲವು ಕಡೆ ಎರಡನ್ನೂ. ಅವರ ಕೈಪಿಡಿಯಲ್ಲಿ ಯಾವುದಿದೆ ಅಂತ ನೋಡದೆ 2.94 ಅಂತ ತೀರ್ಪು ಕೊಟ್ಟರೆ ಹೇಗೆ?

ಲೆಕ್ಕದ_ಮೇಷ್ಟ್ರು
ತೀರ್ಪು ಕೊಡಲಿಲ್ಲ ಮೇಡಂ, ಭಯ ಅಂದೆ.

ರಿವೆಟ್_ರಾಣಿ
ಸರಿ ಸರಿ. ಆ ಸಿ ಪ್ಲಸ್ ಬಗ್ಗೆಯೂ ಕೇಳಿಕೊಳ್ಳಿ. ಕೋರ್ ಕೋರ್ಸಿಗೆ ಬಿ ಬೇಕು ಅನ್ನುವ ಕಡೆ ಕಂಟಿನ್ಯೂಮ್ ಕೂಡ ಬಿದ್ದುಹೋಗುತ್ತದೆ. ಮತ್ತೆ ಓದಿದರೆ ಹಳೇ ಗ್ರೇಡ್ ಅಳಿಸುತ್ತಾರಾ, ಎರಡನ್ನೂ ಸೇರಿಸಿ ಸರಾಸರಿ ತೆಗೆಯುತ್ತಾರಾ ಅನ್ನೋದೂ ಮುಖ್ಯ.

ಸುಮ್ನೆ_ಕೇಳಿದೆ
ಥೀಸಿಸ್ ಬಿಟ್ಟು ಬರೀ ಕೋರ್ಸ್ ದಾರಿಗೆ ಹೋದರೆ ಆಗಲ್ವಾ? ಗೆಳೆಯ ಒಬ್ಬ ಹಾಗೇ ಮುಗಿಸಿದ, ಆರಾಮಾಗಿದ್ದಾನೆ.

ಗೇರ್_ಮೇಲೆ_ಗೇರ್
ಮುಕ್ಕಾಲು ಥೀಸಿಸ್ ಬರೆದವರಿಗೆ ಇದಾ ಸಲಹೆ? ಆ 6 ಕ್ರೆಡಿಟ್ ಗಾಳಿಗೆ ಹೋಗುತ್ತವೆ. 30 ಪೂರ್ತಿ ಕೋರ್ಸಿನಿಂದಲೇ ಅಂದರೆ ಹತ್ತು ಕೋರ್ಸ್. ಇವರ ಕೈಯಲ್ಲಿ ಈಗ ಏಳು, ಇನ್ನು ಮೂರು ಬೇಕು. ಅದರ ಮೇಲೆ ಕೆಲವು ಕಡೆ ಕೊನೆಗೆ ಒಂದು ಸಮಗ್ರ ಪರೀಕ್ಷೆ ಅಥವಾ ಪ್ರಾಜೆಕ್ಟ್ ಇರುತ್ತದೆ.

ಸುಮ್ನೆ_ಕೇಳಿದೆ
ಸುಮ್ನೆ ಕೇಳಿದೆ ಅಷ್ಟೇ

ಟಾರ್ಕ್_ರೆಂಚ್
ಆದರೆ ಒಂದು ಮಾತು. ಥೀಸಿಸ್ ಇದ್ದರೇನೇ ನಿಜವಾದ ಮಾಸ್ಟರ್ಸ್ ಅನ್ನೋ ಜಂಬ ನನಗೆ ಹಿಡಿಸೋದಿಲ್ಲ. ನಾನು ಹತ್ತು ಕೋರ್ಸ್ ಓದಿ ಮುಗಿಸಿದೆ. ಫಟೀಗ್, ಫ್ರಾಕ್ಚರ್, ಕಂಟ್ರೋಲ್ಸ್, ಫೈನೈಟ್ ಎಲಿಮೆಂಟ್ ಎಲ್ಲ ಓದಿದ್ದರಿಂದ ಕೆಲಸದಲ್ಲಿ ಮೊದಲ ದಿನದಿಂದ ಉಪಯೋಗ ಆಯಿತು. ನನ್ನ ಜೊತೆಯವರು ಎರಡು ವರ್ಷ ಒಂದೇ ನಾಝಲ್ ಮುಂದೆ ಕೂತಿದ್ದರು.

ನಾಝಲ್_ಮುಂದೆ_ಕೂತವ
ಕರೆದಿರಾ? 😀

ಪಿಎಚ್‌ಡಿ ಆಸೆ ಇದ್ದರೆ ಥೀಸಿಸ್, ಇಲ್ಲದಿದ್ದರೆ ಕೋರ್ಸ್, ಅಷ್ಟೇ ವಿಷಯ. ಇದರಲ್ಲಿ ಮೇಲು ಕೀಳು ಏನಿಲ್ಲ, ಒಪ್ಪುತ್ತೇನೆ. ಆದರೆ ಥೀಸಿಸ್‌ನಲ್ಲಿ ಒಂದು ಪೆಟ್ಟು ಬೀಳುತ್ತದೆ ನೋಡಿ, ಅದು ಕೋರ್ಸಿನಲ್ಲಿ ಬೀಳೋದಿಲ್ಲ. ನನ್ನ ಡಿಫೆನ್ಸ್ (ಕಮಿಟಿ ಮುಂದೆ ಥೀಸಿಸ್ ಸಮರ್ಥಿಸಿಕೊಳ್ಳೋದು) ಕಥೆ ಹೇಳುತ್ತೇನೆ.

ಸಿಎಫ್‌ಡಿ ಕೆಲಸ, ಅಂದರೆ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕೋದು. ನಲವತ್ತು ಸ್ಲೈಡು, ಬಣ್ಣ ಬಣ್ಣದ ಚಿತ್ರ, ಒಂದು ಅನಿಮೇಷನ್ ಬೇರೆ. ಕಮಿಟಿಯಲ್ಲಿ ಮೂರು ಜನ. ಇಬ್ಬರು ತಲೆ ಆಡಿಸಿದರು. ಮೂರನೆಯವರು ಅರ್ಧ ಗಂಟೆ ಬಾಯಿಬಿಡಲಿಲ್ಲ, ಕೊನೆಗೆ ಒಂದೇ ಪ್ರಶ್ನೆ ಕೇಳಿದರು. "ಗೋಡೆ ಪಕ್ಕದ ಮೊದಲ ಸೆಲ್ಲಿನ ವೈ ಪ್ಲಸ್ ಎಷ್ಟು?" ನಾನು ಆ ಪ್ಲಾಟ್ ತೆಗೆದೇ ಇರಲಿಲ್ಲ. ಅಲ್ಲೇ ಲ್ಯಾಪ್‌ಟಾಪ್ ತೆರೆದು, ಎಲ್ಲರೂ ನೋಡುತ್ತಿರುವಾಗಲೇ ಫೈಲ್ ಲೋಡ್ ಮಾಡಿ ತೋರಿಸಿದೆ. ಹೆಚ್ಚುಕಡಿಮೆ 12 ಬಂತು.

ಗೊತ್ತಿಲ್ಲದವರಿಗೆ: ಹರಿವಿನ ಜಾಗವನ್ನು ಸಣ್ಣ ಸೆಲ್ಲುಗಳ ಬಲೆಯಾಗಿ (ಮೆಶ್) ಕತ್ತರಿಸುತ್ತೇವೆ, ವೈ ಪ್ಲಸ್ ಅಂದರೆ ಮೊದಲ ಸೆಲ್ಲು ಗೋಡೆಗೆ ಎಷ್ಟು ಹತ್ತಿರ ಅನ್ನೋದರ ಅಳತೆ. ಗೋಡೆವರೆಗೂ ಹರಿವನ್ನು ಲೆಕ್ಕ ಹಾಕುವುದಾದರೆ ಅದು 1ರ ಹತ್ತಿರ ಇರಬೇಕು, ಗೋಡೆ ಪಕ್ಕಕ್ಕೆ ಸಿದ್ಧ ಸೂತ್ರ (ವಾಲ್ ಫಂಕ್ಷನ್) ಹಾಕುವುದಾದರೆ 30ಕ್ಕಿಂತ ಮೇಲೆ. 12 ಅಂದರೆ ಅತ್ತಲೂ ಇಲ್ಲ ಇತ್ತಲೂ ಇಲ್ಲ. ನನ್ನ ಅನಿಮೇಷನ್ನಿನ ಬಣ್ಣ ಎಲ್ಲ ಇಳಿದುಹೋಯಿತು. ಪಾಸು ಮಾಡಿದರು, ಆದರೆ ಮೆಶ್ ಮತ್ತೆ ಕಟ್ಟಿ ಎಲ್ಲ ಕೇಸ್ ಮತ್ತೆ ಓಡಿಸಿ ತೋರಿಸಿ ಅಂದರು. ಆರು ವಾರ ಹಿಡಿಯಿತು. ಅಷ್ಟರಲ್ಲಿ ಆ ಸೆಮಿಸ್ಟರಿನ ಗಡುವು ಮುಗಿದು, ಇನ್ನೊಂದು ಸೆಮಿಸ್ಟರಿಗೆ ಒಂದು ಕ್ರೆಡಿಟ್ಟಿನ ಶುಲ್ಕ ಕಟ್ಟಿದೆ. ಥೀಸಿಸ್ ಸಲ್ಲಿಸುವ ಸೆಮಿಸ್ಟರಿನಲ್ಲಿ ಹೆಸರು ನೋಂದಣಿ ಇರಲೇಬೇಕು ಅಂತ ನಿಯಮ.

ಮೆಶ್_ಮರುಳ
12! ಓದುವಾಗಲೇ ಮೈ ಜುಂ ಅಂತು. ಗ್ರಿಡ್ ಇಂಡಿಪೆಂಡೆನ್ಸ್ (ಮೆಶ್ ಇನ್ನೂ ಸಣ್ಣದು ಮಾಡಿದರೂ ಉತ್ತರ ಬದಲಾಗಲ್ಲ ಅಂತ ತೋರಿಸೋದು) ಮಾಡಿದ್ದಿರಾ ಅಂತ ಕೇಳಲಿಲ್ವಾ?

ನಾಝಲ್_ಮುಂದೆ_ಕೂತವ
ಕೇಳಿದರು. ಎರಡು ಮೆಶ್ ತೋರಿಸಿದೆ, "ಎರಡು ಬಿಂದು ಇದ್ದರೆ ಯಾವಾಗಲೂ ಸರಳ ರೇಖೆ ಬರುತ್ತದೆ" ಅಂದರು. ಮೂರನೇ ಮೆಶ್ ಕೂಡ ಆ ಆರು ವಾರದಲ್ಲೇ ಆಯಿತು.

ಮೆಶ್_ಮರುಳ
ಹೊಸದಾಗಿ ಕೋಡ್ ಬರೆಯುವವರು ಮೊದಲು ಲಿಡ್ ಡ್ರಿವನ್ ಕ್ಯಾವಿಟಿ (ಮೇಲಿನ ಮುಚ್ಚಳ ಸರಿಯುವ ಡಬ್ಬಿಯೊಳಗಿನ ಹರಿವು) ಮಾಡಿ. ಘಿಯಾ, ಘಿಯಾ ಮತ್ತು ಶಿನ್ ಅನ್ನೋ ಮೂವರು ಸಂಶೋಧಕರು 1982ರಲ್ಲಿ ರೆನಾಲ್ಡ್ಸ್ ಸಂಖ್ಯೆ 100ರಿಂದ 10,000ದವರೆಗೆ ಕೋಷ್ಟಕ ಕೊಟ್ಟಿದ್ದಾರೆ. ನಿಮ್ಮ ಅಂಕಿ ಪಕ್ಕದಲ್ಲಿಟ್ಟು ನೋಡಿ. ಅದು ಹೊಂದದೆ ನಾಝಲ್‌ಗೆ ಕೈ ಹಾಕಬೇಡಿ.

ಬೇರಿಂಗ್_ಸದ್ದು
ವಿಷಯಕ್ಕೆ ಬನ್ನಿ ಸ್ವಾಮಿ. ಪಾಪ ಅವರ 3 ಕ್ರೆಡಿಟ್ ಕಳೆದಿದೆ, ನೀವು ಕ್ಯಾವಿಟಿ ಅಂತಿದ್ದೀರಿ.

ಅರೆಕಾಲಿಕ
ನನ್ನದೂ ಕೇಳಿ. ಕೆಲಸ ಮಾಡಿಕೊಂಡೇ ಓದಿದ್ದು, ವರ್ಷಕ್ಕೆ ಒಂದೋ ಎರಡೋ ಕೋರ್ಸ್. ಮಧ್ಯದಲ್ಲಿ ಮಗು ಆಯಿತು, ಒಂದು ವರ್ಷ ಏನೂ ಓದಲಿಲ್ಲ. ಕೊನೇ ಸೆಮಿಸ್ಟರಿನಲ್ಲಿ ಪತ್ರ ಬಂತು, ನನ್ನ ಮೊದಲ ಕೋರ್ಸು ಹಳೆಯದಾಗಿದೆ, ಲೆಕ್ಕಕ್ಕಿಲ್ಲ ಅಂತ. ನಮ್ಮಲ್ಲಿ ಕೋರ್ಸಿಗೆ ಆರು ವರ್ಷದ ಆಯಸ್ಸು. ಹಾಲಿಗೆ ತಾರೀಕು ಇರುತ್ತದೆ ಅಂತ ಗೊತ್ತಿತ್ತು, ಫೈನೈಟ್ ಎಲಿಮೆಂಟಿಗೂ ಇರುತ್ತದೆ ಅಂತ ಗೊತ್ತಿರಲಿಲ್ಲ.

ವಾದ ಮಾಡಿದೆ. ಫೈನೈಟ್ ಎಲಿಮೆಂಟ್ ಅನ್ನೋ ಹೆಸರನ್ನು ಕ್ಲಫ್ ಅನ್ನೋ ಎಂಜಿನಿಯರ್ ಕೊಟ್ಟಿದ್ದೇ 1960ರಲ್ಲಿ, ಆರು ವರ್ಷದಲ್ಲಿ ಸ್ಟಿಫ್‌ನೆಸ್ ಮ್ಯಾಟ್ರಿಕ್ಸ್ ಏನು ಬದಲಾಗಿದೆ ಅಂತ ಕೇಳಿದೆ. ಆಫೀಸಿನಲ್ಲಿ ನಕ್ಕರು, ಆದರೆ ನಿಯಮ ಬಿಡಲಿಲ್ಲ. ಕೊನೆಗೆ ಆ ಕೋರ್ಸಿನ ಮೇಷ್ಟ್ರು ಮೌಖಿಕ ಪರೀಕ್ಷೆ ಮಾಡಿ, ಇವಳಿಗೆ ಇನ್ನೂ ಗೊತ್ತಿದೆ ಅಂತ ಬರೆದುಕೊಟ್ಟರು. ಅದರಿಂದ ಉಳಿಯಿತು.

ಹಾಗಾಗಿ ಅರ್ಧ_ಮಾಸ್ಟರ್ ಅವರೇ, ಆಡಿಟ್ ಪುಟದ ಜೊತೆ ಜಗಳ ಆಡಬೇಡಿ. ಅದು ಯಂತ್ರ. ಮನುಷ್ಯರ ಹತ್ತಿರ ಹೋಗಿ.

ದೂರದಿಂದ_ಓದುವವಳು
ನಿಮ್ಮ 30 ನೋಡಿ ನಗು ಬಂತು. ಯುರೋಪಿನ ಪದ್ಧತಿಯಲ್ಲಿ ಎರಡು ವರ್ಷದ ಮಾಸ್ಟರ್ಸ್ 120 ಕ್ರೆಡಿಟ್. ಥೀಸಿಸ್ ಒಂದೇ ಎಷ್ಟೋ ಕಡೆ 30.

ಟಾರ್ಕ್_ರೆಂಚ್
ಹಾಗಾದರೆ ನಾಲ್ಕು ಪಟ್ಟು ಜಾಸ್ತಿ ಓದುತ್ತೀರಾ? 😜

ದೂರದಿಂದ_ಓದುವವಳು
ಇಲ್ಲಪ್ಪಾ, ಅಳತೆಗೋಲೇ ಬೇರೆ. ಅಲ್ಲಿ ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ಕೆಲಸ. ತರಗತಿ, ಮನೆಗೆಲಸ, ಪರೀಕ್ಷೆಗೆ ಓದಿದ್ದು ಎಲ್ಲ ಸೇರಿ. ವರ್ಷಕ್ಕೆ 60 ಅಂತ ಲೆಕ್ಕ. ಥೀಸಿಸ್‌ಗೆ 30 ಅಂದರೆ 750ರಿಂದ 900 ಗಂಟೆ. ನಿಮ್ಮದು ವಾರಕ್ಕೆ ಎಷ್ಟು ಗಂಟೆ ತರಗತಿ ಅನ್ನೋದರ ಮೇಲೆ. ಮೀಟರನ್ನು ಅಡಿಯ ಜೊತೆ ಹೋಲಿಸಿದ ಹಾಗೆ. ಕ್ರೆಡಿಟ್ ವರ್ಗಾವಣೆ ಮಾಡುವವರು ಇಲ್ಲೇ ಎಡವುತ್ತಾರೆ.

ಲೆಕ್ಕದ_ಮೇಷ್ಟ್ರು
900 ಗಂಟೆಯಲ್ಲಿ 400 ಗಂಟೆ ಲೈಸೆನ್ಸ್ ಸರ್ವರ್ ಖಾಲಿ ಆಗಲಿ ಅಂತ ಕಾಯೋದು.

ಮೆಶ್_ಮರುಳ
ಇದು ಸತ್ಯ

ಫಿಸಿಕ್ಸ್_ಪರದೇಶಿ
ನಡುವೆ ಬಾಯಿ ಹಾಕುತ್ತೇನೆ. ನಾನು ಫಿಸಿಕ್ಸ್ ಓದಿದವನು, ಈಗ ಮೆಕ್ಯಾನಿಕಲ್ ಮಾಸ್ಟರ್ಸ್‌ಗೆ ಸೀಟು ಸಿಕ್ಕಿದೆ. ನನಗೆ ಪದವಿ ಮಟ್ಟದ ನಾಲ್ಕು ಕೋರ್ಸ್ ಮೊದಲು ಮುಗಿಸಿ ಅಂದಿದ್ದಾರೆ. ಸ್ಟ್ರೆಂಗ್ತ್ ಆಫ್ ಮೆಟೀರಿಯಲ್ಸ್, ಮೆಷಿನ್ ಡಿಸೈನ್, ಹೀಟ್ ಟ್ರಾನ್ಸ್‌ಫರ್, ಕಂಟ್ರೋಲ್ಸ್. ಇವು 30ರಲ್ಲಿ ಸೇರುತ್ತವಾ?

ಗೇರ್_ಮೇಲೆ_ಗೇರ್
ಸಾಮಾನ್ಯವಾಗಿ ಇಲ್ಲ. ಅವು ಕೊರತೆ ತುಂಬುವ ಕೋರ್ಸು. ಎರಡು ವರ್ಷದ್ದು ಎರಡೂವರೆ ಆಗುತ್ತದೆ ಅಂತ ಈಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಆದರೆ ಹೀಟ್ ಟ್ರಾನ್ಸ್‌ಫರಿನಿಂದ ವಿನಾಯಿತಿ ಕೇಳಿ ನೋಡಿ, ಥರ್ಮೋಡೈನಾಮಿಕ್ಸ್ ನಿಮಗೆ ನಮಗಿಂತ ಚೆನ್ನಾಗಿ ಬರುತ್ತದೆ.

ರಿವೆಟ್_ರಾಣಿ
ಥರ್ಮೋ ಬಂದರೆ ಹೀಟ್ ಟ್ರಾನ್ಸ್‌ಫರ್ ಬರುತ್ತದೆ ಅನ್ನೋದು ತಪ್ಪು. ಥರ್ಮೋ ಎಷ್ಟು ಶಾಖ ಅಂತ ಹೇಳುತ್ತದೆ, ಎಷ್ಟು ಹೊತ್ತಿಗೆ ಅಂತ ಹೇಳೋದಿಲ್ಲ. ಓದಲಿ ಬಿಡಿ. ಮೆಷಿನ್ ಡಿಸೈನ್ ಅಂತೂ ಬಿಡಲೇಬೇಡಿ, ಬೋಲ್ಟಿಗೆ ಮೊದಲೇ ಯಾಕೆ ಬಿಗಿತ ಕೊಡುತ್ತಾರೆ ಅಂತ ಗೊತ್ತಿಲ್ಲದ ಮಾಸ್ಟರ್ಸ್ ಎಷ್ಟು ಜನ ನೋಡಿದ್ದೇನೆ.

ಸುಮ್ನೆ_ಕೇಳಿದೆ
ಥೀಸಿಸ್ ಎಷ್ಟು ಪುಟ ಇರಬೇಕು? ನಮ್ಮ ಲ್ಯಾಬಿನಲ್ಲಿ ನೂರಕ್ಕೆ ಕಡಿಮೆ ಇದ್ದರೆ ಮುಖ ಸಿಂಡರಿಸುತ್ತಾರೆ.

ನಾಝಲ್_ಮುಂದೆ_ಕೂತವ
ಪ್ರಾಂಟಲ್ ಅನ್ನೋ ಜರ್ಮನ್ ವಿಜ್ಞಾನಿ 1904ರಲ್ಲಿ ಬೌಂಡರಿ ಲೇಯರ್ (ಗೋಡೆಗೆ ಅಂಟಿಕೊಂಡ ಹರಿವಿನ ತೆಳು ಪದರ) ಬಗ್ಗೆ ಮಂಡಿಸಿದ ಪ್ರಬಂಧ ಎಂಟೇ ಪುಟ. ಇಡೀ ಏರೋಡೈನಾಮಿಕ್ಸ್ ಅದರ ಮೇಲೆ ನಿಂತಿದೆ.

ಟಾರ್ಕ್_ರೆಂಚ್
ಪ್ರಾಂಟಲ್‌ಗೆ ಫಾರ್ಮ್ಯಾಟ್ ಚೆಕ್ ಇರಲಿಲ್ಲ ಅಲ್ವಾ. ನನ್ನ ರೂಮ್‌ಮೇಟಿನ ಥೀಸಿಸ್ ಎಡಗಡೆ ಅಂಚು ಕಡಿಮೆ ಆಯಿತು ಅಂತ ವಾಪಸ್ ಬಂದಿತ್ತು. ಬೈಂಡ್ ಮಾಡೋಕೆ ಜಾಗ ಬೇಕಂತೆ. ಆ ಥೀಸಿಸ್ಸನ್ನು ಯಾರೂ ಬೈಂಡ್ ಮಾಡಲಿಲ್ಲ, ಪಿಡಿಎಫ್ ಅಷ್ಟೇ ಕೊಟ್ಟಿದ್ದು.

ಥರ್ಮೋಕಪಲ್
ಎಲ್ಲರೂ ಮರೆತದ್ದು ಒಂದಿದೆ. ಸೆಮಿನಾರ್. ಸೊನ್ನೆ ಕ್ರೆಡಿಟ್, ಆದರೆ ಹಾಜರಿ ಇಲ್ಲದಿದ್ದರೆ ಡಿಗ್ರಿ ಇಲ್ಲ. ಅದನ್ನೂ ಆಡಿಟ್ ಪುಟದಲ್ಲಿ ನೋಡಿಕೊಳ್ಳಿ.

ಇನ್ನೊಂದು, ಅರ್ಧ_ಮಾಸ್ಟರ್, ಆ ವೈಬ್ರೇಷನ್ಸ್ ಕೋರ್ಸಿಗೆ ಎರಡು ನಂಬರ್ ಇತ್ತಾ? ಒಂದೇ ಕೊಠಡಿ, ಒಂದೇ ಪಾಠ, ಪದವಿಯವರಿಗೆ ಒಂದು ನಂಬರು, ಮಾಸ್ಟರ್ಸ್‌ನವರಿಗೆ ಇನ್ನೊಂದು? ಎಷ್ಟೋ ಕಡೆ ಹಾಗೆ ನಡೆಸುತ್ತಾರೆ.

ಅರ್ಧ_ಮಾಸ್ಟರ್
ತಡೀರಿ, ನೋಡಿ ಹೇಳುತ್ತೇನೆ.

ಅರ್ಧ_ಮಾಸ್ಟರ್
ಇತ್ತು!! ಎರಡು ನಂಬರ್ ಇತ್ತು. ನೋಂದಣಿ ದಿನ ಪಟ್ಟಿಯಲ್ಲಿ ಮೊದಲು ಕಂಡದ್ದನ್ನು ಒತ್ತಿದ್ದೇನೆ.

ನೆನಪಾಯಿತು, ಮಾಸ್ಟರ್ಸ್‌ನವರಿಗೆ ಅಂತ ಒಂದು ಜಾಸ್ತಿ ಪ್ರಾಜೆಕ್ಟ್ ಇತ್ತು, ಅದನ್ನೂ ಮಾಡಿದ್ದೆ. ಒಂದು ಅಲ್ಯೂಮಿನಿಯಂ ಪಟ್ಟಿ, ಒಂದು ತುದಿ ವೈಸ್‌ಗೆ ಕಚ್ಚಿಸಿ, ಇನ್ನೊಂದು ತುದಿಯಲ್ಲಿ ಆಕ್ಸೆಲೆರೋಮೀಟರ್ (ಕಂಪನ ಅಳೆಯುವ ಸೆನ್ಸರ್) ಅಂಟಿಸಿ ಸುತ್ತಿಗೆಯಿಂದ ತಟ್ಟೋದು. ಎರಡನೇ ಫ್ರೀಕ್ವೆನ್ಸಿ ಮೊದಲನೆಯದರ 6.27 ಪಟ್ಟು ಬರಬೇಕು. ನನಗೆ 6.5 ಬಂತು. ಮೂರು ಸಂಜೆ ವೈಸ್ ಬಿಗಿ ಮಾಡಿದ್ದೇ ಮಾಡಿದ್ದು. ಆಮೇಲೆ ಮೇಷ್ಟ್ರು ಬಂದು ನೋಡಿ, ತುದಿಗೆ ಅಂಟಿಸಿದ ಸೆನ್ಸರ್ ತೂಗಿದ್ದೀಯಾ ಅಂತ ಕೇಳಿದರು. ಪಟ್ಟಿ ಅಷ್ಟು ತೆಳು, ಸೆನ್ಸರಿನ ತೂಕವೇ ಅದರ ಹತ್ತನೇ ಒಂದು ಭಾಗ ಇತ್ತು. ಅದನ್ನು ಸಮೀಕರಣಕ್ಕೆ ಸೇರಿಸಿದರೆ 6.5 ಸರಿಯಾಗಿ ಕೂತಿತು. ಆ ರಿಪೋರ್ಟ್ ಇನ್ನೂ ನನ್ನ ಹತ್ತಿರ ಇದೆ.

ಥರ್ಮೋಕಪಲ್
ಇನ್ನೇನು ಬೇಕು! ರಿಪೋರ್ಟ್ ತಗೊಂಡು ಆ ಮೇಷ್ಟ್ರ ಹತ್ತಿರ ಹೋಗಿ. ಮಾಸ್ಟರ್ಸ್ ಮಟ್ಟದ ಕೆಲಸ ಮಾಡಿದ್ದಾನೆ ಅಂತ ಅವರು ಬರೆದುಕೊಟ್ಟರೆ ನಂಬರ್ ಬದಲಿಸಲು ಮನವಿ ಹಾಕಬಹುದು. ಗೈಡ್ ಸಹಿಯೂ ಬೇಕು. ಇಮೇಲ್ ಬೇಡ, ನಡೆದು ಹೋಗಿ.

ಅರೆಕಾಲಿಕ
ಹೌದು. ಮತ್ತೆ ಮನವಿಯಲ್ಲಿ ಸೀನಿಯರ್ ಹಾಗಂದರು ಹೀಗಂದರು ಅಂತ ಬರೆಯಬೇಡಿ. ಯಾವ ಕೋರ್ಸ್, ಯಾವ ನಂಬರ್, ಏನು ಜಾಸ್ತಿ ಕೆಲಸ, ಏನು ಬೇಕು. ನಾಲ್ಕು ಸಾಲು ಸಾಕು.

ಲೆಕ್ಕದ_ಮೇಷ್ಟ್ರು
ಒಪ್ಪಿದರೆ ಮತ್ತೆ 3.04. ಒಪ್ಪದಿದ್ದರೆ ಏನು ಮಾಡ್ತೀರಿ ಅನ್ನೋದಕ್ಕೂ ಈಗಲೇ ದಾರಿ ನೋಡಿಕೊಳ್ಳಿ. ಕೋರ್ಸ್ ಸೇರಿಸುವ ಗಡುವು ಯಾವತ್ತು?

ಅರ್ಧ_ಮಾಸ್ಟರ್
ಶುಕ್ರವಾರ.

ಅರ್ಧ_ಮಾಸ್ಟರ್
ಒಂದು ವಾರ ಆಯಿತು, ಏನಾಯಿತು ಅಂತ ತಿಳಿಸೋಣ ಅಂತ ಬಂದೆ.

ಮೇಷ್ಟ್ರಿಗೆ ನನ್ನ ಹೆಸರು ನೆನಪಿರಲಿಲ್ಲ, ಆದರೆ "ಸೆನ್ಸರ್ ತೂಗದ ಹುಡುಗ" ಅಂದ ಕೂಡಲೇ ನಕ್ಕು ಕೂರಿಸಿದರು. ಪತ್ರ ಕೊಟ್ಟಿದ್ದಾರೆ. ಗೈಡ್ ಬೈದು ಸಹಿ ಹಾಕಿದರು. ವಿಭಾಗದ ಸಮಿತಿ ಸೇರೋದು ಮೂರು ವಾರ ಬಿಟ್ಟು, ಅಲ್ಲಿವರೆಗೆ ಏನೂ ಹೇಳೋಕಾಗಲ್ಲ ಅಂದರು. ಸರಾಸರಿ ಬಗ್ಗೆ ರಿವೆಟ್_ರಾಣಿ ಹೇಳಿದ್ದು ನಿಜ, ನಮ್ಮಲ್ಲಿ ಎರಡನ್ನೂ ನೋಡುತ್ತಾರಂತೆ. ಹಾಗಾಗಿ ಲೆಕ್ಕದ_ಮೇಷ್ಟ್ರ ಭಯವೂ ನಿಜ. ಸಿ ಪ್ಲಸ್ ಮಾತ್ರ ಉಳಿಯಿತು, ಕೋರ್‌ಗೆ ಬಿ ಬೇಕು ಅನ್ನೋ ನಿಯಮ ಇಲ್ಲಿಲ್ಲ.

ಸಮಿತಿ ಬೇಡ ಅಂದರೆ ಕೈಯಲ್ಲಿ ಇರಲಿ ಅಂತ ಶುಕ್ರವಾರವೇ ಒಂದು ಕೋರ್ಸ್ ಸೇರಿಸಿದೆ. ನಾನ್‌ಲೀನಿಯರ್ ವೈಬ್ರೇಷನ್ಸ್. ಅದಕ್ಕೆ ಮೊದಲು ಏನು ಓದಿರಬೇಕು ಅಂತ ಹಾಕಿದ್ದಾರೆ ಗೊತ್ತಾ? ನನ್ನ ಅದೇ ವೈಬ್ರೇಷನ್ಸ್ ಕೋರ್ಸು, ಅದೇ ನಂಬರ್. ಡಿಗ್ರಿಗೆ ಲೆಕ್ಕಕ್ಕಿಲ್ಲ, ಇದಕ್ಕೆ ಇದೆ.

ಬೇರಿಂಗ್_ಸದ್ದು
😂😂😂

ಥರ್ಮೋಕಪಲ್
ಈ ಸಲ ಕೋರ್ಸ್ ನಂಬರ್ ನೋಡಿ ಒತ್ತಿದಿರಾ?

ಅರ್ಧ_ಮಾಸ್ಟರ್
ಮೂರು ಸಲ ನೋಡಿದೆ. ಆಮೇಲೆ ಸೀನಿಯರಿಗೂ ತೋರಿಸಿದೆ. ಅವರೂ ಅದೇ ಕೋರ್ಸ್ ಸೇರಿಕೊಂಡರು.